ಜಿನಮತಿ ಪಾರ್ಕಿನ ಕುಬಸ

ಜಿನಮತಿ ಪಾರ್ಕ್, ಖಾನಾಪುರ ರಸ್ತೆ
ಬುಧವಾರ, ೧೨ ನವೆಂಬರ್ ೨೦೨೫

ನಮ್ಮ ಮನೆಯವರಿಗೆ ನಿಖಿತಾಳ ನಮಸ್ಕಾರ.

ನಾನು ಆರಾಮ ಇದ್ದೇನೆ. ನೀವೂ ಆರಾಮ ಇರಬೇಕು ಎಂದುಕೊಂಡಿದ್ದೇನೆ. ಮುಖ್ಯವಾದದ್ದನ್ನು ಮೊದಲು ಬರೆದುಬಿಡುತ್ತೇನೆ. ಭಾನುವಾರ ನನ್ನ ಕುಬಸ ಆಯಿತು, ಬಸುರಿಯ ಉಡಿ ತುಂಬಿದರು ಎಂದು ಖಾನಾಪುರದಿಂದ ಯಾರಾದರೂ ನಿಮಗೆ ಫೋನ್ ಮಾಡಿರಬಹುದು. ಮಾಡಿರದಿದ್ದರೆ ಇವತ್ತೋ ನಾಳೆಯೋ ಮಾಡುತ್ತಾರೆ. ಐದು ತಿಂಗಳು ಎಂದೂ ಹೇಳುತ್ತಾರೆ. ನೀವು ಹೋಗಿಯೂ ಐದು ತಿಂಗಳು. ಬೆರಳು ಮಡಚಿ ಎಣಿಸುತ್ತ ಕೂರಬೇಡಿ. ಕುಬಸ ಆದದ್ದು ನಿಜ, ಕೂಸು ಸುಳ್ಳು. ಹೇಗಾಯಿತು ಎಂದು ಹೇಳಲು ಈ ಪತ್ರ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನ್ ಹಿಡಿದರೆ ನನ್ನ ಬಾಯಿ ಕಟ್ಟುತ್ತದೆ ಎಂದು ನಿಮಗೆ ಗೊತ್ತು. ದೀಪಾವಳಿಯಲ್ಲಿ ಮಾಡಿದಾಗ ನೀವು ನಾಲ್ಕು ಸಲ ಹಲೋ ಎಂದಿರಿ, ಐದನೆಯ ಸಲ ಸಿಟ್ಟಿನಿಂದ ಇಟ್ಟುಬಿಟ್ಟಿರಿ. ನಾನು ಕೇಳುತ್ತಲೇ ಇದ್ದೆ. ಹಿಂದೆ ಯಾರೋ ಕಬ್ಬಿಣ ಬಡಿಯುವ ಸಪ್ಪಳವೂ ಕೇಳಿಸಿತು. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಐದನೆಯ ಇಯತ್ತೆಗೇ ಸಾಲೆ ಬಿಟ್ಟರೂ ಅಕ್ಷರ ಮಾತ್ರ ನನ್ನನ್ನು ಬಿಟ್ಟಿಲ್ಲ.

ನೀವು ಇದ್ದಾಗಲೂ ಪಾರ್ಕಿಗೆ ಮಂದಿ ಕಡಿಮೆಯಾಗಿದ್ದರು. ಈಗ ವಾರದ ದಿನಗಳಲ್ಲಿ ಹತ್ತು ಮಂದಿ ಬಂದರೆ ಹೆಚ್ಚು. ಹೊಸ ರಸ್ತೆಯ ನಡುವೆ ಡಿವೈಡರ್ ಕಟ್ಟಿದ ಮೇಲೆ ಬೆಳಗಾವಿಯಿಂದ ಬರುವವರಿಗೆ ನಮ್ಮ ಗೇಟ್ ಕಾಣುತ್ತದೆ, ತಿರುಗಲು ಜಾಗ ಕಾಣುವುದಿಲ್ಲ. ಬಹಳ ದೂರ ಹೋಗಿ ತಿರುಗಿ ಬರಬೇಕು. ಅಷ್ಟು ದೂರ ಹೋದವರು ಗೋವೆಗೇ ಹೋಗುತ್ತಾರೆ ಎಂದು ಕ್ಯಾಂಟೀನಿನ ಅಕ್ಕವ್ವ ನಗುತ್ತಾಳೆ. ಅವಳ ಪ್ರಕಾರ ಡಿವೈಡರ್‌ಗಿಂತ ದೊಡ್ಡ ಕಾರಣ ಬಟಾಟೆ. ನಮ್ಮ ಮಾಲೀಕರು ಬಾಪುಸಾಹೇಬರು ಜೈನರು, ಕ್ಯಾಂಟೀನಿಗೆ ಬಟಾಟೆ ಉಳ್ಳಾಗಡ್ಡಿ ತರಲು ಬಿಡುವುದಿಲ್ಲ. ವಡಾಪಾವ್ ಸಿಗದ ಪಾರ್ಕಿಗೆ ಬೆಳಗಾವಿಯವರು ಯಾಕೆ ಬರಬೇಕು ಎಂದು ಅವಳು ಅವರ ಎದುರಿಗೇ ಕೇಳುತ್ತಾಳೆ. ಬಾಪುಸಾಹೇಬರು ಬಾಳೆಕಾಯಿ ಭಜಿ ತಿಂದು, ಚೆನ್ನಾಗಿದೆಯಲ್ಲ ಎನ್ನುತ್ತಾರೆ.

ಜಾಯಿಂಟ್ ವ್ಹೀಲಿನಲ್ಲಿ ತೂಕಕ್ಕೆ ಕೂರುವ ಕೆಲಸ ಈಗ ನನ್ನೊಬ್ಬಳದೇ. ಒಂದು ಬದಿಗೆ ಗಿರಾಕಿಗಳು ಕೂತರೆ ಎದುರು ಬದಿಯ ತೊಟ್ಟಿಲಲ್ಲಿ ನಾನು. ಗಿರಾಕಿಗಳು ನಾಲ್ಕು ಜನ ಇದ್ದರೆ, ನೀವು ಕೂರುತ್ತಿದ್ದ ತೊಟ್ಟಿಲಿಗೆ ವ್ಹೀಲ್ ತಿರುಗಿಸುವ ನಾಗಲಿಂಗ ಮರಳಿನ ಚೀಲ ಹಾಕುತ್ತಾನೆ. ನಿಮ್ಮ ತೂಕಕ್ಕೆ ಎರಡು ಚೀಲ ಸಾಕು ಎಂದು ಅವನು, ಎರಡೂವರೆ ಬೇಕು ಎಂದು ನಾನು. ಮದುವೆಗೆ ಮೊದಲು ಒಂದು ವರ್ಷ ನಾವು ಹೀಗೆ ದಿನಾ ಜೊತೆಗೇ ತಿರುಗಿದವರು. ನೀವು ಅಲ್ಲಿ, ನಾನು ಇಲ್ಲಿ. ಮಾತನಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅದಕ್ಕೇ ನಾನು ಒಪ್ಪಿರಬೇಕು.

ಕಾರಹುಣ್ಣಿಮೆಯ ಮರುದಿನ ನೀವು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಹೊರಟಾಗ ನನ್ನನ್ನೂ ಕರೆದಿರಿ. ಪಾರ್ಕ್ ನಡೆಯದ ಈ ಹೊತ್ತಿನಲ್ಲಿ ಬಾಪುಸಾಹೇಬರನ್ನು ಹೇಗೆ ಬಿಟ್ಟು ಬರಲಿ ಎಂದೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ಈಗ ಬರೆಯುತ್ತೇನೆ. ನೀವು ನೋಡಿದ ಚಾಳಿನಲ್ಲಿ ಹದಿನಾಲ್ಕು ಮನೆ, ಒಂದೇ ನಳ ಎಂದಿದ್ದಿರಿ. ನಳದ ಮುಂದೆ ಹದಿಮೂರು ಹೆಂಗಸರು ಕೊಡ ಇಟ್ಟು ನನ್ನನ್ನು ಮಾತನಾಡಿಸುವುದನ್ನು ನೆನೆದು ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಿಮಗಿಂತ ನನಗೆ ಪಾರ್ಕೇ ಹೆಚ್ಚು ಎಂದು ನೀವು ತಿಳಿದಿರಿ. ನಾನು ತಿದ್ದಲಿಲ್ಲ. ಹೊರಡುವಾಗ ನೀವು ಹೇಳಿದ ಮಾತು ನಿಮಗೆ ಮರೆತಿರಬಹುದು.

“ಈ ಪಾರ್ಕ್ ಮುಚ್ಚಿದ ದಿವ್ಸ ನೀನಾಗೇ ಬಂದು ಬಾಯಿ ಬಿಟ್ಟು ಕೇಳು. ಅಲ್ಲೀತನಕ ನಾ ಕರಿಯಂಗಿಲ್ಲ.”

ನನಗೆ ಮರೆತಿಲ್ಲ. ಆದ್ದರಿಂದ ಪಾರ್ಕ್ ಮುಚ್ಚಬಾರದು ಎಂದು ಈ ಐದು ತಿಂಗಳು ನನ್ನಷ್ಟು ಬೇಡಿಕೊಂಡವರು ಇಲ್ಲಿ ಯಾರೂ ಇಲ್ಲ.

ದಸರೆ ಮುಗಿದ ಮೇಲೆ ಬಾಪುಸಾಹೇಬರ ಮಗ ಪಾರ್ಶ್ವಣ್ಣ ಪಾರ್ಕ್ ಮಾರಲು ಒಬ್ಬ ಗಿರಾಕಿಯನ್ನು ಹುಡುಕಿದರು. ಬಾಳಾಸಾಹೇಬ ಎಂದು, ಬೆಳಗಾವಿಯಲ್ಲಿ ದೊಡ್ಡ ವ್ಯಾಪಾರಸ್ಥರು. ಪಾರ್ಕ್ ನಡೆಯುವಂತಿದ್ದರೆ ಹಾಗೇ ನಡೆಸುತ್ತೇನೆ, ಕೆಲಸದವರನ್ನೂ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಪ್ಲಾಟ್ ಹಾಕುತ್ತೇನೆ ಎಂದು ಅವರು ಹೇಳಿದರಂತೆ. ಒಂಬತ್ತನೇ ತಾರೀಖು ಭಾನುವಾರ ಮನೆಯವರನ್ನು ಕರೆದುಕೊಂಡು ನೋಡಲು ಬರುವವರಿದ್ದರು. ಪಾರ್ಶ್ವಣ್ಣ ನಮ್ಮ ಒಂಬತ್ತು ಮಂದಿಯನ್ನೂ ನಿಲ್ಲಿಸಿ, ಆ ದಿನ ಒಬ್ಬೊಬ್ಬರೂ ತಮ್ಮ ಕಡೆಯ ಇಪ್ಪತ್ತು ಮಂದಿಯನ್ನು ಕರೆತರಬೇಕು, ಟಿಕೆಟ್ ಬೇಡ, ಪಾರ್ಕ್ ತುಂಬಿ ಕಾಣಬೇಕು ಎಂದರು. ಯಾಕೆ ಎಂದು ಮಾತ್ರ ಯಾರಿಗೂ ಹೇಳಬಾರದು. ಬಾಪುಸಾಹೇಬರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು, ನೆಲ ನೋಡುತ್ತಿದ್ದರು.

ಉಳಿದವರು ಅದೇ ಸಂಜೆ ತಮ್ಮವರಿಗೆ ಫೋನ್ ಮಾಡಿ, ಗುಟ್ಟು ಎಂದು ಹೇಳಿಯೇ ಎಲ್ಲ ಹೇಳಿಬಿಟ್ಟರು. ನನ್ನ ತವರಿನಲ್ಲಿ ಯಾರೂ ಇಲ್ಲ. ಇರುವವರೆಂದರೆ ಖಾನಾಪುರದ ನಿಮ್ಮ ದೊಡ್ಡಪ್ಪ ಗುರುಪುತ್ರಪ್ಪನವರ ಮನೆಯವರು. ಅವರಿಗೆ ಫೋನ್ ಮಾಡುವ ಧೈರ್ಯ ನನಗೆಲ್ಲಿ? ಒಂದು ಹಾಳೆಯಲ್ಲಿ ಬರೆದು, ಫೋಟೋ ತೆಗೆದು, ದೊಡ್ಡಪ್ಪನ ಮೊಬೈಲಿಗೆ ಕಳಿಸಿದೆ. ಮಂದಿಯನ್ನು ಕರೆಯುವುದಕ್ಕೆ ಹೇಗೆ ಬರೆಯಬೇಕು ಎಂದು ನಾನು ಕಲಿತದ್ದು ಮದುವೆ ಪತ್ರಿಕೆಗಳಿಂದ. ಹಾಗೇ ಬರೆದೆ. ಭಾನುವಾರ ಮುಂಜಾನೆ ಹನ್ನೊಂದಕ್ಕೆ ನಮ್ಮ ಪಾರ್ಕಿನಲ್ಲಿ ಕಾರ್ಯಕ್ರಮ ಇರುವುದರಿಂದ ತಾವು ಸಹಕುಟುಂಬ ಸಪರಿವಾರ ಆಗಮಿಸಿ ಶೋಭೆ ತರಬೇಕು ಎಂದು. ಏನು ಕಾರ್ಯಕ್ರಮ ಎಂದು ಬರೆಯುವ ಹಾಗಿರಲಿಲ್ಲ, ಬರೆಯಲಿಲ್ಲ.

ಅದನ್ನು ಓದಿ ಮನೆಯಲ್ಲಿ ಏನಾಯಿತು ಎಂದು ನನಗೆ ನಿನ್ನೆ ಗೊತ್ತಾಯಿತು. ಕಾರ್ಯಕ್ರಮ ಅಂದಿದ್ದಾಳೆ, ಯಾವುದು ಎಂದು ಹೇಳಿಲ್ಲ. ಯಾವ ಕಾರ್ಯಕ್ರಮವನ್ನು ಹೆಣ್ಣುಮಗಳು ಬಾಯಿ ಬಿಟ್ಟು ಹೇಳುವುದಿಲ್ಲ? ಅದರಲ್ಲೂ ಈ ಹುಡುಗಿ? ದೊಡ್ಡವ್ವ ಒಂದು ಗಳಿಗೆ ಯೋಚನೆ ಮಾಡಿ, ಕುಬಸವೇ ಎಂದು ಹೇಳಿದರಂತೆ. ತವರಿನವರು ಇಲ್ಲದ ಹುಡುಗಿ, ಮಾಡುವವರು ಯಾರು, ನಾವೇ ಮಾಡಬೇಕು ಎಂದು ಓಣಿಯವರಿಗೆಲ್ಲ ಹೇಳಿದರಂತೆ.

ಭಾನುವಾರ ಬಾಳಾಸಾಹೇಬರು, ಅವರ ಮನೆಯವರು ಕಾಂತಾಬಾಯಿ, ಮೊಮ್ಮಗಳು ಸಮೃದ್ಧಿ ಹತ್ತೂವರೆಗೆ ಬಂದರು. ಉಳಿದವರ ಕಡೆಯ ಮಂದಿ ಆಗಲೇ ಅಲ್ಲಲ್ಲಿ ತಿರುಗುತ್ತಿದ್ದರು. ಹುಡುಗಿ ಮೊದಲು ಜಾಯಿಂಟ್ ವ್ಹೀಲನ್ನೇ ಹಿಡಿದಳು. ಅಜ್ಜಿ ಮೊಮ್ಮಗಳು ಒಂದು ತೊಟ್ಟಿಲಿನಲ್ಲಿ ಕೂತರು. ನಾನು ಗಿರಾಕಿಯ ಹಾಗೆ ಒಳ್ಳೆ ಸೀರೆ ಉಟ್ಟು, ಅಕ್ಕವ್ವನ ಪರ್ಸ್ ಹಿಡಿದು ಎದುರಿನ ತೊಟ್ಟಿಲಿನಲ್ಲಿ. ಪರ್ಸಿನಲ್ಲಿ ಏನೂ ಇಲ್ಲದಿದ್ದರೆ ಗೊತ್ತಾಗುತ್ತದೆ ಎಂದು ಅವಳು ಎರಡು ಬಾಳೆಹಣ್ಣು ಹಾಕಿದ್ದಳು.

ನಾನು ಮೇಲೆ ಹೋದಾಗ ಗೇಟಿನ ಮುಂದೆ ಎರಡು ಟೆಂಪೋ ನಿಂತವು. ಮೊದಲು ಇಳಿದವರು ದೊಡ್ಡಪ್ಪ. ತಲೆಗೆ ರುಮಾಲು, ಕೈಯಲ್ಲಿ ತೆಂಗಿನಕಾಯಿ. ನಾನು ಕೆಳಗೆ ಬಂದೆ, ಏನೂ ಕಾಣಲಿಲ್ಲ. ಮತ್ತೆ ಮೇಲೆ ಹೋದಾಗ ಹೆಂಗಸರು ಇಳಿಯುತ್ತಿದ್ದರು. ಎಲ್ಲರದೂ ಇಳಕಲ್ ಸೀರೆ, ಎಲ್ಲರ ಕೈಯಲ್ಲೂ ಬಟ್ಟೆ ಮುಚ್ಚಿದ ತಾಟು. ಮೂರನೆಯ ಸುತ್ತಿಗೆ ಅವರು ಸಾಲಾಗಿ ಒಳಗೆ ಬರುತ್ತಿದ್ದರು. ಒಬ್ಬರೂ ಜೋಕಾಲಿಯ ಕಡೆ ನೋಡಲಿಲ್ಲ. ಚಪ್ಪಲಿ ಎಲ್ಲಿ ಬಿಡಬೇಕು ಎಂದು ಟಿಕೆಟ್ ಕಿಟಕಿಯಲ್ಲಿ ಕೇಳುತ್ತಿದ್ದರು.

ನಾಗಲಿಂಗನ ಕೈಗೆ ಮೈಕ್ ಸಿಕ್ಕರೆ ಅವನನ್ನು ಹಿಡಿಯುವವರು ಯಾರು?

“ನಿಖಿತಾ, ನಿನ್ನ ಗಂಡನ ಮನಿ ಮಂದಿ ಬಂದಾರ ನೋಡವಾ, ಲಗೂ ಇಳಿ.”

ನಾನು ಗಿರಾಕಿ ಅಲ್ಲ ಎಂದು ಇಡೀ ಪಾರ್ಕಿಗೆ ಗೊತ್ತಾಯಿತು. ಇಳಿಸಬೇಕಾದವನೂ ಅವನೇ, ಇಳಿಸದೆ ಇನ್ನೆರಡು ಸುತ್ತು ತಿರುಗಿಸಿದ.

ಇಳಿದಾಗ ದೊಡ್ಡವ್ವ ನನ್ನ ಗಲ್ಲ ಹಿಡಿದು, ಇಂಥ ಹೊತ್ತಿನಲ್ಲಿ ಇದನ್ನು ಹತ್ತುವುದೇ ಎಂದು ಬೈದರು. ಆಗಲೂ ನನಗೆ ಅರ್ಥವಾಗಲಿಲ್ಲ. ಖಾಲಿ ಹೊಂಡದ ಪಕ್ಕದಲ್ಲಿ ಹಳೆಯ ಹಂಸದ ದೋಣಿ ಇದೆಯಲ್ಲ, ಅದನ್ನೇ ಅಲಂಕಾರದ ಕುರ್ಚಿ ಎಂದು ತಿಳಿದು ನನ್ನನ್ನು ಅದರಲ್ಲಿ ಕೂರಿಸಿದರು. ತಾಟಿನ ಬಟ್ಟೆ ತೆಗೆದರು. ರವಿಕೆಯ ಖಣ, ಹಸಿರು ಬಳೆ, ಅಕ್ಕಿ, ಉತ್ತತ್ತಿ. ಆಗ ಅರ್ಥವಾಯಿತು. ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಹೆಂಗಸರ ಹಿಂದೆ ಪಾರ್ಶ್ವಣ್ಣ ಎರಡೂ ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡುತ್ತಿದ್ದರು. ಅವರ ಹಿಂದೆ ಬಾಳಾಸಾಹೇಬರು ನಿಂತು ನೋಡುತ್ತಿದ್ದರು. ಬಾಯಿ ಮುಚ್ಚಿದೆ. ಮುಚ್ಚುವುದು ನನಗೆ ರೂಢಿ.

ಕಾಂತಾಬಾಯಿ ಗದ್ದಲ ನೋಡಿ ಮುಂದೆ ಬಂದರು. ಮುಖ ಅರಳಿತ್ತು. ಬಗ್ಗಿ ನನ್ನನ್ನೇ ಕೇಳಿದರು.

“ಎಷ್ಟು ತಿಂಗಳಾದುವವಾ?”

ನಾನು ನೆಲ ನೋಡಿದೆ. ಅಕ್ಕವ್ವ ಸುಮ್ಮನಿರುವವಳೇ? “ಐದರಾಗ ಅದಾಳ್ರಿ, ಬಾಯಾರ. ನಾಚಿಗಿ ಹುಡುಗಿ, ಹೇಳಂಗಿಲ್ಲ ಆಕಿ” ಎಂದಳು. ಕಾಂತಾಬಾಯಿ ತಮ್ಮ ಕೈಯಿಂದ ಎರಡು ಹಸಿರು ಬಳೆ ತೆಗೆದು ನನಗೆ ತೊಡಿಸಿದರು. ಅವರ ಕೈ ಬಹಳ ಮೆತ್ತಗಿತ್ತು. ಉಡಿಯಲ್ಲಿ ಅಕ್ಕಿಯ ಭಾರ, ತಲೆಯ ಮೇಲೆ ಅಕ್ಷತೆ. ನಾನು ಅತ್ತೆ. ಸಂತೋಷದಿಂದ ಅಳುತ್ತಿದ್ದಾಳೆ ಎಂದರು.

ಆಮೇಲೆ ಊಟದ ಪ್ರಶ್ನೆ ಬಂತು. ಕಾರ್ಯಕ್ರಮ ಎಂದರೆ ಊಟ ಇರಲೇಬೇಕು. ಅಕ್ಕವ್ವ ಇದ್ದ ರವೆಯಲ್ಲಿ ಶಿರಾ ತಿರುವಿದಳು, ಇದ್ದ ಬಾಳೆಕಾಯಿ ಎಲ್ಲ ಭಜಿ ಮಾಡಿದಳು. ಕುಬಸದಲ್ಲಿ ಹೋಳಿಗೆ ಇಲ್ಲದ್ದನ್ನು ತಾನು ಅರವತ್ತೆಂಟು ವರ್ಷದಲ್ಲಿ ನೋಡಿರಲಿಲ್ಲ ಎಂದು ದೊಡ್ಡಪ್ಪ ಹೇಳಿದರು, ಮೂರು ಸಲ ನೀಡಿಸಿಕೊಂಡರು. ಉಂಡ ಮೇಲೆ ಹೆಂಗಸರು ಹುಲ್ಲಿನ ಮೇಲೆ ಸಾಲಾಗಿ ಕೂತು ಮಾತಿಗೆ ಇಳಿದರು. ಹುಡುಗರು ಒಂದೊಂದೇ ಜೋಕಾಲಿ ಹುಡುಕಿಕೊಂಡು ಹೋದರು. ನಾಲ್ಕು ಗಂಟೆಯವರೆಗೆ ಈ ಪಾರ್ಕಿನಲ್ಲಿ ಎಷ್ಟೋ ವರ್ಷದಿಂದ ಕೇಳದ ಗದ್ದಲ ಕೇಳಿತು. ಬಾಪುಸಾಹೇಬರು ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ದಿನಾ ಐದಕ್ಕೆ ಹೊರಡುವವರು. ಅವತ್ತು ಐದೂವರೆಯಾದರೂ ಬೆಂಚಿನಿಂದ ಏಳಲಿಲ್ಲ.

ಸೋಮವಾರ ಬಾಳಾಸಾಹೇಬರು ಮನೆಯವರನ್ನು ಬಿಟ್ಟು ಬಂದರು. ಟೇಪ್ ಹಿಡಿದ ಒಬ್ಬ ಮನುಷ್ಯನಿಂದ ಹುಲ್ಲಿನ ಜಾಗವನ್ನೆಲ್ಲ ಅಳೆಸಿದರು. ನಾನು ತೊಟ್ಟಿಲು ತೊಳೆಯುತ್ತಿದ್ದೆ. ನೋಡಿ ಹತ್ತಿರ ಬಂದರು. ಬಕೆಟ್ ಎತ್ತಬೇಡ ಎಂದರು. ಕೂಸಾದ ಮೇಲೆ ಮೂರು ತಿಂಗಳು ಮನೆಯಲ್ಲಿರು, ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕುವುದಿಲ್ಲ, ನಮ್ಮ ಮನೆಯವರು ಹೇಳಿ ಕಳಿಸಿದ್ದಾರೆ ಎಂದರು.

ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರು ಹೀಗೆ ಅಂದದ್ದರಿಂದ ಸುಮ್ಮನಿರಲು ಆಗಲಿಲ್ಲ. ಹೇಳಿದರೆ ಪ್ಲಾಟ್ ಆಗುತ್ತದೆ, ಒಂಬತ್ತು ಮಂದಿಯ ಕೆಲಸ ಹೋಗುತ್ತದೆ, ನಾನು ನಿಮ್ಮ ಬಾಗಿಲಿಗೆ ಬಂದು ಕೇಳಬೇಕಾಗುತ್ತದೆ ಎಂದೆಲ್ಲ ಗೊತ್ತಿತ್ತು. ಆದರೂ ನನ್ನ ಬಾಯಿಂದಲೇ ಬಂತು.

“ನನಗ ಯಾವ ಕೂಸೂ ಇಲ್ಲರಿ. ನಿನ್ನೆ ಬಂದ ಮಂದಿ ಗಿರಾಕಿಗೋಳಲ್ಲರಿ. ನಾವ ಕರಸಿದ್ದು. ಕುಬಸ ನಮ್ಮ ಮಂದಿ ತಪ್ಪು ತಿಳಕೊಂಡು ಮಾಡಿದ್ದರಿ.”

ಇಷ್ಟು ಉದ್ದದ ಮಾತನ್ನು ನಾನು ಗೊತ್ತಿಲ್ಲದವರ ಎದುರು ಎಂದೂ ಆಡಿರಲಿಲ್ಲ. ಬಾಳಾಸಾಹೇಬರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಸ್ವಲ್ಪ ಹೊತ್ತು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

“ಪಾರ್ಕ್ ನೋಡಾಕ ಬರೂ ಗಿರಾಕಿ ಕೈಯಾಗ ತೆಂಗಿನಕಾಯಿ ಹಿಡಕೊಂಡು ಬರ್ತಾನೇನ, ತಂಗಿ? ಅದು ನನಗ ನಿನ್ನೇನ ಗೊತ್ತಾಗಿತ್ತು. ಕೂಸಿಂದು ಗೊತ್ತಿರಲಿಲ್ಲ. ಅದನ್ನ ನಮ್ಮ ಮನಿಯಾಕಿಗೆ ಹೆಂಗ ಹೇಳಲಿ?”

ನಾನು ಬಳೆ ತೆಗೆಯಲು ಹೋದೆ. ಬೇಡ ಎಂದರು. ಎದ್ದು ಬಾಪುಸಾಹೇಬರ ಬೆಂಚಿಗೆ ಹೋದರು. ಒಂದು ತಾಸು ಮಾತಾಡಿದರು. ಈಗ ಆಗಿರುವುದು ಹೀಗೆ. ಖರೀದಿ ಇಲ್ಲ. ಮೂರು ವರ್ಷಕ್ಕೆ ಕರಾರು. ಇದು ಇನ್ನು ಮದುವೆ, ಕುಬಸ ನಡೆಸುವ ಮಂಗಲ ಕಾರ್ಯಾಲಯ. ಹೆಂಗಸರು ಒಂದು ಕಡೆ ಕೂತು, ಹುಡುಗರು ಇನ್ನೊಂದು ಕಡೆ ಆಡಿಕೊಂಡಿದ್ದನ್ನು ನೋಡಿದಾಗಲೇ ಅವರ ತಲೆಯಲ್ಲಿ ಅದು ಬಂದಿತ್ತಂತೆ. ಸಣ್ಣ ಜೋಕಾಲಿಗಳು ಇರುತ್ತವೆ. ಜಾಯಿಂಟ್ ವ್ಹೀಲ್ ಹಳೆಯದಾಗಿದೆ, ಬಿಚ್ಚುತ್ತಾರೆ. ಒಂಬತ್ತರಲ್ಲಿ ಐದು ಮಂದಿಗೆ ಕೆಲಸ. ಅಕ್ಕವ್ವನಿಗೆ ಅಡುಗೆಮನೆ, ನನಗೆ ಹೆಂಗಸರ ಕಡೆಯ ಉಸ್ತುವಾರಿ. ಬಂದವರನ್ನೆಲ್ಲ ಮಾತನಾಡಿಸಬೇಕಂತೆ. ನಾಗಲಿಂಗ ಐದರಲ್ಲಿಲ್ಲ. ನಾನು ಬಾಯಿ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಪಾರ್ಶ್ವಣ್ಣನೂ ಬಿಟ್ಟಿದ್ದಾರೆ. ಬಾಪುಸಾಹೇಬರು ಮಾತ್ರ ಹೋಗುವಾಗ ನನ್ನ ಕಡೆ ನೋಡಿ ಕೈ ಎತ್ತಿದರು. ತೀರಿಕೊಂಡ ಅವರ ಹೆಂಡತಿ ಜಿನಮತಿಬಾಯಿಯವರ ಹೆಸರು ಗೇಟಿನ ಮೇಲೆ ಹಾಗೇ ಇರುತ್ತದೆ.

ನಿನ್ನೆ ಖಣಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆ. ಇಪ್ಪತ್ತೇಳು ಖಣ. ಮನೆಮನೆಗೆ ಹೋಗಿ ತಿರುಗಿ ಕೊಡಬೇಕು ಎಂದುಕೊಂಡಿದ್ದೆ. ಮೊದಲನೆಯ ಮನೆಯೇ ದೊಡ್ಡವ್ವನದು. ನಿಜ ಹೇಳಿದೆ. ಅವರು ಚೀಲ ಮುಟ್ಟಲಿಲ್ಲ. ತುಂಬಿದ ಉಡಿಯನ್ನು ಖಾಲಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ, ಮುಂದೆ ನಿಜವಾಗಿ ಬಸುರಾದಾಗ ಇದೇ ನಡೆಯುತ್ತದೆ, ಎರಡನೆಯ ಸಲ ಟೆಂಪೋ ಮಾಡಿಕೊಂಡು ಬರುವುದಿಲ್ಲ ಎಂದರು. ಓಣಿಯವರಿಗೆ ಏನು ಹೇಳುವುದು ಎಂದು ಕೇಳಿದೆ. ನಾನು ಹೇಳಿಕೊಳ್ಳುತ್ತೇನೆ, ನೀನು ಚಹಾ ಕುಡಿ ಎಂದರು. ಅವರು ಯಾರಿಗೆ ಏನು ಹೇಳುತ್ತಾರೋ ಗೊತ್ತಿಲ್ಲ. ಅದಕ್ಕೇ ನಿಮಗೆ ಮೊದಲು ಬರೆಯುತ್ತಿದ್ದೇನೆ.

ದೊಡ್ಡಪ್ಪ ಮೊಬೈಲ್ ತೆಗೆದು ನನ್ನ ಹಾಳೆಯ ಫೋಟೋ ದೊಡ್ಡದು ಮಾಡಿ ಮುಂದೆ ಹಿಡಿದರು. ಕೆಳಗೆ ಇಂತಿ ತಮ್ಮ ಆಗಮನಾಭಿಲಾಷಿಗಳು ಎಂದು ಬರೆದು ಎರಡು ಹೆಸರು ಹಾಕಿದ್ದೆ. ಅಮರ, ನಿಖಿತಾ.

“ಇದನ್ನ ನೋಡೇ ನಾವು ಖರೇ ಅಂತ ತಿಳಕೊಂಡಿವಿ. ಅಂವ ಊರಾಗ ಇಲ್ಲದಾಗ ಅವನ ಹೆಸರ ಯಾಕ ಹಾಕಿದಿ, ಮಗಳ?”

ಮದುವೆ ಪತ್ರಿಕೆಯಲ್ಲಿ ಹಾಗೇ ಇರುತ್ತದಲ್ಲ, ನೋಡಿ ಬರೆದೆ ಎಂದೆ. ಅವರು ಮೊಬೈಲ್ ಜೇಬಿಗೆ ಹಾಕಿಕೊಂಡರು.

ಪಾರ್ಕಿನಲ್ಲಿ ನಾವಿದ್ದ ಹಿಂದಿನ ಸಾಲಿನ ಖೋಲಿಗಳನ್ನು ಮದುಮಕ್ಕಳಿಗೆ ಎಂದು ಸಜ್ಜು ಮಾಡುತ್ತಾರೆ. ತಿಂಗಳ ಕೊನೆಗೆ ಬಿಡಬೇಕು. ಖಾನಾಪುರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಖೋಲಿಯ ಮನೆ ನೋಡಿ ಬಂದಿದ್ದೇನೆ. ನಾನು, ಅಕ್ಕವ್ವ ಇರುತ್ತೇವೆ. ನೀವು ಚಿಂತೆ ಮಾಡುವುದು ಬೇಡ. ಪಾರ್ಕ್ ಮುಚ್ಚಿಲ್ಲ. ಹೆಸರು ಇದೆ, ಗೇಟ್ ಇದೆ, ನನ್ನ ಕೆಲಸವೂ ಇದೆ. ಆದ್ದರಿಂದ ನಿಮ್ಮ ಮಾತಿನ ಪ್ರಕಾರ ನಾನು ಬಂದು ಕೇಳುವ ಪ್ರಶ್ನೆ ಬರುವುದಿಲ್ಲ. ನಿಮ್ಮ ಸ್ವೆಟರ್ ಇಲ್ಲೇ ಉಳಿದಿತ್ತು, ಒಗೆದಿಟ್ಟಿದ್ದೇನೆ. ಥಂಡಿ ಶುರುವಾಗಿದೆ, ಭಟ್ಟಿಯ ಮುಂದಿಂದ ಬೆವರಿ ಒಮ್ಮೆಲೇ ಹೊರಗೆ ಬರಬೇಡಿ.

ಎಲ್ಲವನ್ನೂ ಬರೆದಿದ್ದೇನೆ ಎಂದುಕೊಂಡು ಮುಗಿಸುತ್ತೇನೆ.

ನಿಮ್ಮ
ನಿಖಿತಾ

ತಾ.ಕ.: ಎಲ್ಲವನ್ನೂ ಬರೆದಿಲ್ಲ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ, ಬೆಳಗಾವಿಯ ಮೊದಲನೆಯ ಬಸ್ಸು ಎಷ್ಟಕ್ಕೆ, ಅದಕ್ಕೆ ಹೋದರೆ ಉದ್ಯಮಬಾಗದ ಮುಂಜಾನೆ ಪಾಳಿ ಸಿಗುತ್ತದೆಯೇ ಎಂದು ಕಂಟ್ರೋಲರನ್ನು ಕೇಳಿದೆ. ಸಿಗುತ್ತದೆ ಎಂದರು. ಮನೆಯ ಮಾಲಕಿ ಎಷ್ಟು ಮಂದಿ ಇರುತ್ತೀರಿ ಎಂದಾಗ ಇಬ್ಬರು ಎಂದೆ. ಅಕ್ಕವ್ವ ನನ್ನ ಜೊತೆ ಇರುವುದಿಲ್ಲ, ಮಗಳ ಮನೆಗೆ ಹೋಗುತ್ತಾಳೆ. ಅದನ್ನು ಅವಳು ನನಗೆ ಸೋಮವಾರವೇ ಹೇಳಿದ್ದಳು.